ಉಣ್ಣೆ ಕತ್ತರಿಸುವವನ ನಡ

ಕಮತಗಿಯ ಹತ್ತಿರದ ಊರು ನಮ್ಮದು. ವರ್ಷಕ್ಕೆ ಎರಡು ಸಲ ಅಣ್ಣನೂ ನಾನೂ ಕತ್ತರಿಗಳನ್ನು ಚೀಲಕ್ಕೆ ಹಾಕಿಕೊಂಡು ಹುನಗುಂದ, ಇಳಕಲ್ಲಿನ ಕಡೆ ಕುರಿದೊಡ್ಡಿಗಳಿಗೆ ಹೋಗುತ್ತಿದ್ದೆವು. ಕುರಿಯನ್ನು ನೆಲಕ್ಕೆ ಕೆಡವಿ, ಕಾಲು ಕಟ್ಟಿ, ಅದರ ಮೇಲೆ ಬಾಗಿ ಉಣ್ಣೆ ಕತ್ತರಿಸುವುದು. ಬೆಳಗ್ಗೆ ಬಾಗಿದವರು ಮಧ್ಯಾಹ್ನ ರೊಟ್ಟಿಗೆ ಏಳುತ್ತಿದ್ದೆವು. ಏಳುವಾಗ ಎರಡೂ ಕೈ ಮೊಣಕಾಲಿಗೆ ಊರಿ, ಸ್ವಲ್ಪ ಸ್ವಲ್ಪವೇ ನಡ ನೆಟ್ಟಗೆ ಮಾಡಬೇಕು. ನಮ್ಮಪ್ಪನೂ ಹಾಗೆಯೇ ಏಳುತ್ತಿದ್ದ. ಗಂಡಸರು ಏಳುವುದೇ ಹಾಗೆ ಎಂದುಕೊಂಡಿದ್ದೆ.

ರಾಮಥಾಳದ ಕಡೆ ಒಂದು ದೊಡ್ಡಿಯಲ್ಲಿ ಟಗರೊಂದನ್ನು ಎತ್ತಿ ಕೆಡವುವಾಗ ಅದು ಮೈ ಕೊಸರಿತು. ನಾನು ಅದರ ಜೊತೆಗೇ ತಿರುಗಿದೆ. ದೊಡ್ಡ ನೋವೇನೂ ಆಗಲಿಲ್ಲ. ಕೂತೆ, ಏಳಲು ಬರಲಿಲ್ಲ, ಅಷ್ಟೇ. ಅಣ್ಣ ಉಳಿದ ಕುರಿಗಳನ್ನು ಮುಗಿಸಿ, ನನ್ನನ್ನು ಟಂಟಂನಲ್ಲಿ ಮಲಗಿಸಿಕೊಂಡು ಊರಿಗೆ ತಂದ. ದಾರಿಯುದ್ದಕ್ಕೂ ಟಂಟಂನ ತಗಡಿನ ಚಾವಣಿ ನೋಡುತ್ತಿದ್ದೆ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ.

ಅವ್ವ ಬೀರಪ್ಪನ ಗುಡಿಯಿಂದ ಭಂಡಾರದ ಅರಿಶಿನ ತಂದು ನಡಕ್ಕೆ ಹಚ್ಚಿದಳು. ನರ ತಿಕ್ಕುವ ಮುದುಕನೊಬ್ಬ ಬಂದು ಎಣ್ಣೆ ಕಾಸಿ ತಿಕ್ಕಿದ. ಮಲಗೇ ಇರು, ಅಲುಗಾಡಬೇಡ ಎಂದು ಹೇಳಿ ಹೋದ. ಅಲುಗಾಡದೆ ಒಂದು ತಿಂಗಳು ಮಲಗಿದೆ. ಹೆಂಡತಿ ಬೆಳಗ್ಗೆ ನನಗೆ ಉಣ್ಣಿಸಿ, ಉಳ್ಳಾಗಡ್ಡಿ ಹೊಲಗಳಲ್ಲಿ ಕಳೆಕಸ ತೆಗೆಯಲು ಹೋಗುತ್ತಿದ್ದಳು. ಸಂಜೆ ಬಂದು ನೀರು ಹೊತ್ತು ತಂದು, ನನ್ನನ್ನು ಹೊರಳಿಸಿ ಹಾಸಿಗೆ ಝಾಡಿಸುತ್ತಿದ್ದಳು. ಅವಳ ಜೊತೆ ಹೆಚ್ಚು ಮಾತಾಡಿದ ನೆನಪಿಲ್ಲ.

ಕಡೆಗೆ ಎದ್ದು ಓಡಾಡತೊಡಗಿದಾಗ ಬಲಗಾಲಿಗೆ ಜೋಮು ಹಿಡಿದಿತ್ತು. ಒಂದು ದಿನ ಬಸ್ ನಿಲ್ದಾಣಕ್ಕೆ ಹೋಗಿ ನಿಂತಾಗ ಚಹಾ ಮಾರುವವನು, ಒಂದು ಚಪ್ಪಲಿ ಎಲ್ಲಿ ಬಿಟ್ಟು ಬಂದಿರಿ ಎಂದು ಕೇಳಿದ. ಬಗ್ಗಿ ನೋಡಿದೆ. ಬಲಗಾಲು ಬರಿದಾಗಿತ್ತು, ಹಿಮ್ಮಡಿಯಲ್ಲಿ ಗಾಜಿನ ಚೂರು ನಟ್ಟು ರಕ್ತ ಬಂದಿತ್ತು. ಅದೂ ಗೊತ್ತಾಗಿರಲಿಲ್ಲ.

ಆ ವಾರವೇ ಹೆಂಡತಿ ನನ್ನನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರು ಸ್ಕ್ಯಾನ್ ಮಾಡಿಸಿ, ಬೆನ್ನುಮೂಳೆಗಳ ನಡುವಿನ ಗಾದಿ ಜರುಗಿ ನರ ಒತ್ತುತ್ತಿದೆ ಎಂದರು. ಸದ್ಯಕ್ಕೆ ಆಪರೇಷನ್ ಬೇಡ, ಆದರೆ ಕಾಲಿನ ಬಲ ಇನ್ನೂ ಕಡಿಮೆಯಾದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಬರಬೇಕು ಎಂದು ಎರಡು ಸಲ ಹೇಳಿದರು. ಮಲಗಿ ದಿನ ಕಳೆದದ್ದೇ ತಪ್ಪಾಯಿತು ಎಂದೂ ಹೇಳಿ, ವ್ಯಾಯಾಮ ಕಲಿಸುವ ಡಾಕ್ಟರಮ್ಮನ ಕೋಣೆಗೆ ಕಳಿಸಿದರು.

ಅವರಿನ್ನೂ ಸಣ್ಣ ವಯಸ್ಸಿನವರು. ಒಂದು ತಲೆದಿಂಬನ್ನು ನೆಲಕ್ಕೆ ಹಾಕಿ, ಇದೇ ಕುರಿ ಎಂದು ತಿಳಿದು ಕೆಲಸ ಮಾಡಿ ತೋರಿಸಿ ಎಂದರು. ನಾಚಿಕೆಯಾದರೂ ಬಾಗಿ ತೋರಿಸಿದೆ. ಅವರು ನಗಲಿಲ್ಲ. ಆ ದಿಂಬನ್ನೆತ್ತಿ ಮೇಜಿನ ಮೇಲಿಟ್ಟರು.

"ಕುರಿ ನಿಮ್ಮ ಎತ್ತರಕ್ಕ ಬರ್ಬೇಕ್ರಿ. ನೀವು ಅದರ ತನಕಾ ಇಳಿಬಾರ್ದು."

ಒಬ್ಬರೇ ಎತ್ತಬಾರದು, ಎತ್ತಿ ಹಿಡಿದಾಗ ನಡ ತಿರುವಬಾರದು, ಗಂಟೆಗೊಮ್ಮೆ ಕತ್ತರಿ ಕೆಳಗಿಟ್ಟು ನಾಲ್ಕು ಹೆಜ್ಜೆ ನಡೆಯಬೇಕು ಎಂದರು. ಮನೆಯಲ್ಲಿ ಮಾಡಲು ಮೂರು ವ್ಯಾಯಾಮ ಕಲಿಸಿದರು.

ದಿನಾ ಬೆಳಗ್ಗೆ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಮಾಡುತ್ತಿದ್ದೆ. ಹೆಂಡತಿ ರೊಟ್ಟಿ ಬಡಿಯುತ್ತಾ ಅಲ್ಲಿಂದಲೇ ಎಣಿಸುತ್ತಿದ್ದಳು. ಅಂಗಾತ ಮಲಗಿ ಒಂದೊಂದೇ ಕಾಲು ನೆಟ್ಟಗೆ ಎತ್ತುವುದು ನನಗೆ ಸರಿ ಬರುತ್ತಿರಲಿಲ್ಲ. ನಿಮ್ಮ ಮೊಣಕಾಲು ಮಡಚುತ್ತಿದೆ, ಡಾಕ್ಟರಮ್ಮ ತೋರಿಸಿದ್ದು ಹಾಗಲ್ಲ ಎಂದಳು. ಹಾಗಾದರೆ ನೀನೇ ತೋರಿಸು ಎಂದೆ. ಕೈಯ ಹಿಟ್ಟು ಒರೆಸಿಕೊಂಡು ಬಂದು ಪಕ್ಕದಲ್ಲಿ ಮಲಗಿ ಕಾಲು ಎತ್ತಿದಳು. ಗೇಣುದ್ದ ಏರಿ ಕಾಲು ನಿಂತಿತು. ಮುಖ ಬಿಳಿಚಿತು. ಆಮೇಲೆ ಅವಳಿಗೆ ಮಗ್ಗಲು ಹೊರಳಲೂ ಆಗಲಿಲ್ಲ.

ನಿನಗೂ ನೋವಿದೆಯಾ ಎಂದು ಕೇಳಿದೆ.

"ಸಣ್ಣಾಕಿ ಹುಟ್ಟಿದಾಗಿಂದ ಐತ್ರಿ," ಎಂದಳು.

ನಮ್ಮ ಸಣ್ಣ ಮಗಳು ಆಗ ಆರನೇ ಇಯತ್ತೆಯಲ್ಲಿದ್ದಳು.

"ಒಮ್ಮೆನೂ ಹೇಳಲಿಲ್ಲಲ್ಲ."

"ಹೇಳಿ ಏನ್ ಮಾಡೋದ್ರಿ. ಕಸಾ ತೆಗಿಯೋ ಹೆಣ್ಮಕ್ಕಳಿಗೆಲ್ಲಾ ಇರ್ತೈತಿ."

ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ತೆಗೆಯಲು ಅವಳೂ ಏಳಲಿಲ್ಲ, ನಾನೂ ಏಳಲಿಲ್ಲ. ಒಂದು ತಿಂಗಳು ನನ್ನನ್ನು ಹೊರಳಿಸಿದ್ದು ಇದೇ ನಡ ಎಂಬುದು ತಲೆಗೆ ಹೊಳೆಯಿತು. ಎದೆಯಲ್ಲಿ ಏನೂ ಆಗಲಿಲ್ಲ. ಅಳಬೇಕಾಗಿತ್ತೇನೋ. ಅವಳ ಬೆನ್ನ ಕೆಳಗೆ ಕೈ ಕೊಟ್ಟು ಎಬ್ಬಿಸಿದೆ, ನಂತರ ರೊಟ್ಟಿಯನ್ನು ಹೊರಗೆ ಎಸೆದೆ.

ಮುಂದಿನ ಸಲ ಬಾಗಲಕೋಟೆಗೆ ಹೋದಾಗ ಅವಳ ಹೆಸರಿನಲ್ಲೂ ಚೀಟಿ ಮಾಡಿಸಿದೆ. ನೋವು ಎಲ್ಲಿ ಶುರುವಾಗುತ್ತದೆ, ಯಾವಾಗ ಹೆಚ್ಚು, ಏನು ಮಾಡಿದರೆ ಕಡಿಮೆ ಎಂದು ಡಾಕ್ಟರಮ್ಮ ಕೇಳುತ್ತಾ ಹೋದರು. ಅವಳು ಭಾಳ ಹೊತ್ತು ಹೇಳಿದಳು. ತುದಿಗಾಲ ಮೇಲೆ ಕೂತು ಸಾಲು ಹಿಡಿದು ಸರಿಯುವುದು, ತುಂಬಿದ ಕೊಡ ಇಳಿಸುವುದು, ರಾತ್ರಿ ಯಾವ ಮಗ್ಗಲಿಗೆ ಮಲಗಿದರೂ ಎಚ್ಚರವಾಗುವುದು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಯಾರೋ ಬೇರೆ ಮನೆಯ ಹೆಂಗಸಿನ ಸುದ್ದಿಯಂತೆ ಕೇಳಿಸುತ್ತಿತ್ತು.

ಕಳೆ ಕೀಳುವ ಕುರ್ಚಿಗೆಗೆ ಉದ್ದ ಹಿಡಿ ಹಾಕಿಸಿ, ನಿಂತು ಕಸ ತೆಗೆಯಲು ಅವಳಿಗೆ ಹೇಳಿದ್ದರು. ಕಮ್ಮಾರನ ಹತ್ತಿರ ಮಾಡಿಸಿ ಕೊಟ್ಟೆ. ಜೋಳದ ಸಾಲಿನಲ್ಲಿ ಅದು ನಡೆಯಿತು. ಉಳ್ಳಾಗಡ್ಡಿಯ ಒತ್ತಾದ ಸಸಿಗಳಲ್ಲಿ ಅದು ಬೆಳೆಯನ್ನೇ ಕತ್ತರಿಸಿತು, ಹೊಲದವರು ಬೇಡವೆಂದರು. ಹೀಗಾಗಿ ಉಳ್ಳಾಗಡ್ಡಿ ಕೆಲಸ ಬಿಟ್ಟಳು. ಅಡುಗೆಮನೆಯಲ್ಲಿ ಕಲ್ಲು ಜೋಡಿಸಿ ಕೊಡಗಳನ್ನು ಸೊಂಟದ ಎತ್ತರಕ್ಕೆ ಇಟ್ಟೆವು. ನೀರು ನಾನೇ ತರುತ್ತೇನೆ, ಎರಡು ಸಣ್ಣ ಕ್ಯಾನಿನಲ್ಲಿ, ಎರಡೂ ಕೈಗೆ ಸಮ ಭಾರ ಹಂಚಿ.

ನಾನು ಮತ್ತೆ ಕತ್ತರಿ ಹಿಡಿದದ್ದು ಮರುವರ್ಷ. ಹಗ್ಗ ಹೆಣೆದ ಹಳೆಯ ಹೊರಸಿನ ಕಾಲಿಗೆ ಕಟ್ಟಿಗೆ ಕೂಡಿಸಿ ಎತ್ತರ ಮಾಡಿ, ಅದರ ಮೇಲೆ ಕುರಿ ಮಲಗಿಸಿ ನಿಂತು ಕತ್ತರಿಸುತ್ತೇನೆ. ಎತ್ತಿ ಕೊಡಲು ದೊಡ್ಡಿಯವರು ಒಬ್ಬರು ಬೇಕು, ಕೆಲಸವೂ ನಿಧಾನ. ಅಣ್ಣ ಎರಡು ದಿನ ನೋಡಿದ.

"ಹಿಂಗಾದ್ರ ನಮ್ದು ಮುಗಿಯೋದಿಲ್ಲ ತಮ್ಮಾ," ಎಂದ.

ಖರೆ ಮಾತೇ. ಈಗ ಅವನು ತನ್ನ ಹೆಂಡತಿಯ ತಮ್ಮನ ಜೊತೆ ಹೋಗುತ್ತಾನೆ. ನಮ್ಮಲ್ಲಿ ಜಗಳವಿಲ್ಲ. ನನಗೆ ಹತ್ತಿರದ ಮೂರು ದೊಡ್ಡಿಗಳು ಉಳಿದಿವೆ.

ಬಲಗಾಲಿನ ಹೆಬ್ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ. ಹೆಂಡತಿಗೆ ಮೊದಲಿಗಿಂತ ಅಡ್ಡಿಯಿಲ್ಲ, ಮೋಡ ಕವಿದ ದಿನ ನೋವು ಹೆಚ್ಚಾಗುತ್ತದೆ. ಅಂಥ ದಿನ ಅವಳು ಹೇಳುತ್ತಾಳೆ. ಆಗ ರೊಟ್ಟಿಹಿಟ್ಟು ನಾದಿ ಕೊಡುತ್ತೇನೆ, ನಿಂತುಕೊಂಡೇ ಬಡಿಯುತ್ತಾಳೆ.