ಉಜ್ಜಪ್ಪನವರು ಒಪ್ಪಿಕೊಂಡ ತಪ್ಪು

ಶಿಕಾರಿಪುರದ ಲೈನ್‌ಮನ್ ಉಜ್ಜಪ್ಪನವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಮನೆಯವರ ಮುಖವನ್ನಲ್ಲ, ಮೀಟರ್ ಬೋರ್ಡನ್ನು. ಅಂಗೈ ಮಗುಚಿ ಹಲಗೆಗೆ ತಾಗಿಸಿ, ಬಿಸಿಯಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೂರುತ್ತಿದ್ದರು. ಇಸ್ತ್ರಿಪೆಟ್ಟಿಗೆ ಕಾಯುವಾಗ ಯಾವ ದೀಪ ಆರಿಸಬೇಕು, ರೇಡಿಯೋ ಯಾವಾಗ ಹಾಕಬೇಕು, ಎಲ್ಲವನ್ನೂ ಅವರೇ ಹೇಳಬೇಕು. ಫ್ಯೂಸ್ ಹೋಯಿತೆಂದು ಯಾರಾದರೂ ದಪ್ಪ ತಂತಿ ಸಿಕ್ಕಿಸಿದ್ದು ಕಂಡರೆ ಅದು ಕರಗದೆ ಮನೆಯನ್ನೇ ಸುಡುತ್ತದೆಂದು ಸಾಹುಕಾರರೆಂದೂ ನೋಡದೆ ಬೈಯುತ್ತಿದ್ದರು. ಊರಿಗೆ ಲೈಟು ಬಂದಾಗಿನಿಂದ ಅವರ ಕೈಯ ಕೆಲಸದಲ್ಲಿ ಒಂದು ಮನೆಯೂ ಸುಟ್ಟಿರಲಿಲ್ಲ. ಅವರಿಗಿದ್ದ ಜಂಬ ಅದೊಂದೇ.

ಐವತ್ತೆಂಟನೇ ಇಸವಿಯಲ್ಲಿ ಅವರ ಮಗಳು ಹೂವಮ್ಮನನ್ನು ನನ್ನ ತಮ್ಮನಿಗೆ ತಂದುಕೊಂಡೆವು. ನಾವು ಸೊರಬದ ಕಡೆ ಕುಪ್ಪಗಡ್ಡೆಯವರು. ನಮ್ಮೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಬಾರದ ಊರಿನವರಿಗೇ ಅದರ ಹುಚ್ಚು ಜಾಸ್ತಿ. ಗಂಡಿನವರ ಗತ್ತಿಗೆ ನಾನು ಮೈಕ್ ಸೆಟ್ಟು, ಬಣ್ಣದ ಬಲ್ಬಿನ ಸರಗಳನ್ನು ಶಿಕಾರಿಪುರದ ಅವರ ಮನೆಯ ಮದುವೆ ಚಪ್ಪರಕ್ಕೆ ಬಾಡಿಗೆಗೆ ತಂದಿದ್ದೆ.

"ಎರಡ್ರಾಗೆ ಒಂದು ಹಾಕ್ರಿ. ಈ ಮೀಟರು ಎರಡನ್ನೂ ತಡಿಯಂಗಿಲ್ಲ" ಅಂದರು ಉಜ್ಜಪ್ಪನವರು.

ನಾನು ಎರಡನ್ನೂ ಹಾಕಿದೆ. ಮದುವೆಯ ಹಿಂದಿನ ದಿನ ಹೂವಮ್ಮನಿಗೆ ಅರಿಶಿನ ಹಚ್ಚುವಾಗಲೇ ಫ್ಯೂಸ್ ಹೋಗಿ ದೀಪ ಆರಿತು. ನಮ್ಮ ಕಡೆಯ ಹೆಂಗಸರು ಅಪಶಕುನವೆಂದು ಗುಸುಗುಸು ಶುರುಮಾಡಿದರು. ಉಜ್ಜಪ್ಪನವರು ಫ್ಯೂಸಿಗೆ ಹೊಸ ತೆಳು ಎಳೆ ಹಾಕಿ, ಬಲ್ಬಿನ ಸರ ಬಿಚ್ಚಿಸಿಟ್ಟರು. ಬೆಳಿಗ್ಗೆ ಅವರು ಬೀಗರ ಉಪಚಾರದಲ್ಲಿದ್ದಾಗ ನಾನು ಸರವನ್ನು ಮತ್ತೆ ಕಟ್ಟಿದೆ. ಧಾರೆಯ ಹೊತ್ತಿಗೆ ದೀಪ ಆರಲೇಬಾರದೆಂದು ತಾಮ್ರದ ತಂತಿಯನ್ನು ನಾಲ್ಕೆಳೆ ಹೊಸೆದು ಫ್ಯೂಸಿಗೆ ಸಿಕ್ಕಿಸಿದೆ. ಮಹಾ ಬುದ್ಧಿವಂತ ನಾನು.

ಅಕ್ಷತೆ ಎಲ್ಲರ ಕೈಗೆ ಬಂದಿತ್ತು. ಉಜ್ಜಪ್ಪನವರು ಸುಟ್ಟ ವಾಸನೆಗೆ ಒಮ್ಮೆ ಮೂಗೆಳೆದುಕೊಂಡು ನೇರ ಬಾಗಿಲ ಬಳಿಯ ಮೀಟರ್ ಬೋರ್ಡಿಗೆ ಹೋದರು, ಮೇನ್ ಸ್ವಿಚ್ ಇಳಿಸಿಬಿಟ್ಟರು. ಹಾಡು ನಿಂತಿತು, ನಡುಮನೆ ಕತ್ತಲಾಯಿತು.

ನಮ್ಮಪ್ಪ ಅಕ್ಷತೆಯನ್ನು ತಟ್ಟೆಗೆ ಸುರಿದು ಎದ್ದರು. "ತಾಳಿ ಕಟ್ಟೋ ಹೊತ್ತಲ್ಲಿ ದೀಪ ತೆಗೀತಾರೇನ್ರೀ? ಏಳೋ ಮಗಾ, ಹೋಗಾಣ."

ಹಸೆಮಣೆಯ ಮೇಲೆ ಹೂವಮ್ಮ ತಲೆ ತಗ್ಗಿಸಿಯೇ ಕೂತಿದ್ದಳು.

"ಸಿಟ್ಟಾಗಬ್ಯಾಡ್ರಿ ಬೀಗರೇ, ಇಲ್ಲೊಂದು ಸಲ ಬರ್ರಿ" ಎಂದರು ಉಜ್ಜಪ್ಪನವರು. ತಂತಿಯ ಮೇಲ್ಹೊದಿಕೆ ಕರಗಿ ಇಳಿದಿತ್ತು, ಹಲಗೆ ಕಪ್ಪಾಗಿ ಹೊಗೆಯಾಡುತ್ತಿತ್ತು. ಅದರಿಂದ ಒಂದು ಗೇಣು ಮೇಲೆ ಚಪ್ಪರದ ಒಣ ಸೋಗೆ. ಆ ಚಪ್ಪರದ ಕೆಳಗೆ ಇನ್ನೂರು ಜನ.

ಅಪ್ಪನ ದನಿ ಇಳಿಯಿತು, ಸಿಟ್ಟು ಇಳಿಯಲಿಲ್ಲ. "ಈ ತಂತಿ ಹಾಕಿದ್ದು ಯಾರು?"

ಉಜ್ಜಪ್ಪನವರು ನನ್ನನ್ನು ಒಮ್ಮೆ ನೋಡಿದರು. ನನ್ನ ಮುಖವೇ ಎಲ್ಲ ಹೇಳಿರಬೇಕು. ಗಂಡಿನ ಅಣ್ಣನ ಹೆಸರು ಎಲ್ಲರೆದುರು ಬಂದಿದ್ದರೆ ಅಪ್ಪ ಮಾನ ಹೋಯಿತೆಂದು ಆ ಮನೆಯ ಮೆಟ್ಟಿಲು ಇಳಿದೇಬಿಡುತ್ತಿದ್ದರು, ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು.

"ನಾನೇ ಹಾಕಿದ್ದು. ಮಗಳ ಮದುವಿ, ದೀಪ ಆರಬಾರ್ದು ಅಂತ ಆಸಿಗೆ ಬಿದ್ದೆ. ತಪ್ಪಾತು, ಹೊಟ್ಟಿಗೆ ಹಾಕ್ಕೊಳ್ರಿ."

ಅವರಿಂದ ಬೈಸಿಕೊಂಡಿದ್ದ ಅರ್ಧ ಊರು ಅಲ್ಲೇ ಇತ್ತು. ಯಾರೋ ಕಿಸಕ್ಕನೆ ನಕ್ಕರು. ಉಜ್ಜಪ್ಪನವರು ಕೈಮುಗಿದುಕೊಂಡೇ ನಿಂತಿದ್ದರು. ಅಪ್ಪ ಮತ್ತೆ ಅಕ್ಷತೆ ತೆಗೆದುಕೊಂಡರು. ಎಣ್ಣೆದೀಪದ ಬೆಳಕಿನಲ್ಲಿ ನನ್ನ ತಮ್ಮ ತಾಳಿ ಕಟ್ಟಿದ.

ಆಮೇಲೆ ಶಿಕಾರಿಪುರದಲ್ಲಿ ಅವರು ದಪ್ಪ ತಂತಿ ಕಿತ್ತಾಗಲೆಲ್ಲ ಜನ "ನಿಮ್ಮ ಮನ್ಯಾಗೆ ಹಾಕಿದ್ರಲ್ಲ ಸ್ವಾಮಿ" ಎಂದು ಚುಚ್ಚುತ್ತಿದ್ದರಂತೆ. ಅವರು ಮೊದಲಿನಂತೆ ಬೈಯದೆ ಕಿತ್ತು ಹಾಕುತ್ತಿದ್ದರಂತೆ. ಅಂಥ ಮತ್ತೊಬ್ಬ ದೊಡ್ಡ ಮನುಷ್ಯನನ್ನು ನಾನು ಕಾಣಲಿಲ್ಲ. ನನಗೆ ಮಾತ್ರ, ಅವರು ಬದುಕಿದ್ದಷ್ಟು ದಿನ, ಬಾಯಿ ಬಿಡುವ ಧೈರ್ಯ ಬರಲಿಲ್ಲ.

ಅವರ ತಿಥಿ ಮುಗಿಸಿ ಬಂದ ದಿನ ಊಟಕ್ಕೆ ಕೂತಾಗ ಹೂವಮ್ಮನಿಗೆ ಹೇಳಿಬಿಟ್ಟೆ.

"ಗೊತ್ತು ಭಾವ" ಅಂದಳು. "ಅಪ್ಪ ದಪ್ಪ ತಂತಿ ಹಾಕೋರೇ ಅಲ್ಲ, ಸರ ತಂದೋರು ನೀವು. ಅಪ್ಪ ತಪ್ಪಾತು ಅಂದಾಗ್ಲೇ ಗೊತ್ತಾತು. ನಾನು ಬಾಯಿ ಬಿಟ್ಟಿದ್ರೆ ಅಪ್ಪ ತಪ್ಪು ಹೊತ್ಕೊಂಡಿದ್ದು ದಂಡ ಆಗ್ತಿತ್ತು."

ಅಷ್ಟೂ ವರ್ಷ ನನಗೆ ಊಟ ಬಡಿಸಿದವಳು ಅವಳೇ.