ಪೂಜೆಯ ಸಂಜೆ ತೆಗೆದ ಬೀಗ

ದೀಪಾವಳಿಯ ಅಂಗಡಿಪೂಜೆಯ ಸಂಜೆ, ಆರು ಗಂಟೆ ನಲವತ್ತು ನಿಮಿಷಕ್ಕೆ ಎಡವಟ್ಟು ಶುರುವಾಯಿತು. ಕುದ್ರೋಳಿಯ ಪೈಂಟ್ ಅಂಗಡಿಯಲ್ಲಿ ನಾನು ಬಿಲ್ಲಿಂಗಿಗೆ ಕೂರುತ್ತೇನೆ. ಪಕ್ಕದ ಮೇಜಿನ ಅಕ್ಕ ಲೆಕ್ಕ ಬರೆಯುತ್ತಾರೆ. ಪೂಜೆಯಾದ ಕೂಡಲೇ ಮುಹೂರ್ತದೊಳಗೆ ಹೊಸ ವರ್ಷದ ಮೊದಲ ಬಿಲ್ಲು ಹಾಕುವುದು ನಮ್ಮಲ್ಲಿ ಕ್ರಮ. ಧಣಿಗಳು ಕಂಪ್ಯೂಟರಿಗೆ ಕುಂಕುಮ ಹಚ್ಚಿ ಕಾಯುತ್ತಿದ್ದರು. ಆದರೆ ಅಕ್ಕ ದಿನವೂ ಆರು ಗಂಟೆಗೆ ಅಂದಿನ ಲೆಕ್ಕಕ್ಕೆ ಬೀಗ ಹಾಕುತ್ತಾರೆ. ಆಮೇಲೆ ಆ ದಿನಾಂಕಕ್ಕೆ ಸಾಫ್ಟ್‌ವೇರ್ ಏನನ್ನೂ ಸೇರಿಸಿಕೊಳ್ಳುವುದಿಲ್ಲ.

“ಬೀಗ ತೆಗಿ ಮಾರಾಯ್ತಿ, ಲಕ್ಷ್ಮಿ ಬಾಗಿಲಲ್ಲಿ ಕಾಯುವುದಾ?” ಎಂದರು ಧಣಿ.

“ನಾಳೆ ಹಾಕುವ ಅಲ್ವಾ?” ಎಂದರು ಅಕ್ಕ.

“ನಾಳೆಗೆ ಮುಹೂರ್ತ ಆನ್‌ಲೈನಲ್ಲಿ ತರಿಸ್ತೀಯಾ?”

ಎಲ್ಲರೂ ನಕ್ಕೆವು. ಗಡಿಬಿಡಿಯಲ್ಲಿ ಅಕ್ಕ ಹಿಂದಿನ ತಿಂಗಳುಗಳ ಬೀಗವನ್ನೂ ತೆಗೆದುಬಿಟ್ಟರು. ಮೊದಲ ಬಿಲ್ಲು ಬಿತ್ತು, ಪ್ರಸಾದದ ಪಂಚಕಜ್ಜಾಯ ಬಂತು. ಮತ್ತೆ ಬೀಗ ಹಾಕುವುದು ಮರೆತುಹೋಯಿತು.

ಮರುದಿನ ಹಳೆಯ ಬಿಲ್ಲೊಂದನ್ನು ನೋಡಲು ಅಕ್ಕ ಸಾಫ್ಟ್‌ವೇರಿನ ದಿನಾಂಕವನ್ನು ಹಿಂದಿನ ತಿಂಗಳಿಗೆ ಸರಿಸಿದವರು ಹಾಗೆಯೇ ಬಿಟ್ಟರು. ಬೀಗವಿದ್ದಿದ್ದರೆ ಆ ತಿಂಗಳಿಗೆ ಏನನ್ನೂ ಬರೆಯಲು ಆಗುತ್ತಿರಲಿಲ್ಲ. ಅಂದು ಬರೆದ ಖರೀದಿಗಳೆಲ್ಲ ತೆರಿಗೆ ಲೆಕ್ಕ ಕೊಟ್ಟು ಮುಗಿದ ತಿಂಗಳೊಳಗೆ ಹೋಗಿ ಕುಳಿತವು.

ವಾರ ಕಳೆದು ಆಡಿಟರ್ ಫೋನ್ ಮಾಡಿದರು: ಮುಗಿದ ಲೆಕ್ಕ ಬದಲಾಗಿದೆ.

ಧಣಿ ಫೋನನ್ನು ಸ್ಪೀಕರಿಗೆ ಹಾಕಿ ಅಕ್ಕನ ಮೇಲೆ ಎಗರಿದರು. “ಹಳೇ ಲೆಕ್ಕಕ್ಕೆ ಯಾಕೆ ಕೈ ಹಾಕಿದ್ದು? ಯಾರಿಗೋಸ್ಕರ ಎಂತ ತಿದ್ದಿದ್ದು? ಎಲ್ಲ ಅಳಿಸಿ ಹೋಗು, ನಾಳೆಯಿಂದ ಬರುವುದು ಬೇಡ.”

ಅಕ್ಕ ಆ ಖರೀದಿಗಳನ್ನು ಒಂದೊಂದಾಗಿ ಆರಿಸಿ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟರು. ಅದನ್ನು ಒತ್ತಿದ್ದರೆ, ತಿದ್ದಿ ಮುಚ್ಚಿಟ್ಟವಳೆಂಬ ಹೆಸರು ಅವರಿಗೆ ಖಾಯಂ. ಆಮೇಲೆ ಎಷ್ಟೋ ರಾತ್ರಿ ಕಣ್ಣು ಮುಚ್ಚಿದರೆ ಆ ಬೆರಳೇ ಕಾಣುತ್ತಿತ್ತು.

“ಅಳಿಸಬೇಡಿ ಅಕ್ಕ,” ಎಂದೆ.

“ಅಳಿಸಲೇ ಬಾರದು,” ಎಂದರು ಸ್ಪೀಕರಿನಲ್ಲಿದ್ದ ಆಡಿಟರ್. “ದಿನಾಂಕ ಸರಿಮಾಡಿ, ಪ್ರತಿಯೊಂದರ ಕೆಳಗೆ ಕಾರಣ ಬರೆಯಿರಿ. ಬೀಗ ತೆಗೆಸಿದ್ದು ಯಾರು?”

ನನಗೂ ಸಂಬಳ ಕೊಡುವುದು ಅದೇ ಧಣಿ. ಆದರೂ ಕೇಳಿಬಿಟ್ಟೆ.

“ಪೂಜೆಯ ದಿನ ನೀವೇ ಹೇಳಿದ್ದಲ್ವಾ, ಧಣಿ?”

ಅವರು ನನ್ನನ್ನು ನೋಡಿದರು. ಆಮೇಲೆ ಕಂಪ್ಯೂಟರಿನ ಮೇಲೆ ಇನ್ನೂ ಉಳಿದಿದ್ದ ಕುಂಕುಮವನ್ನು.

“ಬರಿ,” ಎಂದರು ಅಕ್ಕನಿಗೆ. “ಮುಹೂರ್ತಕ್ಕೆ ಬೀಗ ತೆಗೆಸಿದ್ದು ಧಣಿ ಅಂತ. ನಾಳೆ ಬೇಗ ಬಾ, ಸರಿಮಾಡ್ಲಿಕ್ಕೆ ಉಂಟು.” ನನ್ನ ಕಡೆ ತಿರುಗಿ, “ನಿನಗೆ ಬಾಯಿ ಜಾಸ್ತಿ.”

ಅಕ್ಕನ ಕೆಲಸ ಉಳಿಯಿತು. ಮುಂದಿನ ಸರದಿ ನನ್ನದೋ ಎಂದು ನನ್ನ ನಿದ್ದೆ ಮಾತ್ರ ಕೆಟ್ಟಿತು. ತಿಂಗಳ ಕೊನೆಯ ಶನಿವಾರ ಧಣಿ ಒಳಗಿನಿಂದ ಕೂಗಿದರು: “ಬೀಗ ಹಾಕಿದ್ಯಾ?”

“ಹಾಕಿದೆ. ಇನ್ನು ಲಕ್ಷ್ಮಿ ಬಂದ್ರೂ ಬೆಳಗ್ಗೆಯೇ,” ಎಂದರು ಅಕ್ಕ.

ಧಣಿ ನಕ್ಕರು. ಅಂದು ರಾತ್ರಿ ದೇರೆಬೈಲಿನ ನಮ್ಮ ಮನೆಯಲ್ಲಿ ನಾನು ಬೆಳಗಿನವರೆಗೂ ಎಚ್ಚರವಾಗದೆ ಮಲಗಿದೆ.