ಉಜ್ಜಿನಿಯ ಅಜ್ಜ ಮತ್ತು ನಾಲ್ಕು ಸಾಲು

ಕೊಟ್ಟೂರು ಸೀಮೆಯಲ್ಲಿ ಹೆಸರೊಂದನ್ನೇ ನಂಬಿ ಯಾರನ್ನೂ ಹುಡುಕಲಾಗದು. ಮನೆಗೊಬ್ಬರಿಗೆ ದೇವರ ಹೆಸರು, ಅದೂ ಎಲ್ಲ ಮನೆಗಳಲ್ಲೂ ಊರಿನ ಅದೇ ದೇವರದು. ಇಲ್ಲಿನ ಸಣ್ಣ ಆಸ್ಪತ್ರೆಯೊಂದಕ್ಕೆ ರೋಗಿಗಳ ಕಾರ್ಡಿನ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವಾಗ, ಯಾರೋ ಬರೆದು ಪುಕ್ಕಟೆ ಹಂಚಿದ್ದ ಹೆಸರು ಹುಡುಕುವ ಕೋಡನ್ನು ತಂದುಕೊಂಡಿದ್ದೆ. ಹೆಸರು, ತಂದೆಯ ಹೆಸರು, ಊರು ಒಂದೇ ಆಗಿದ್ದರೆ ಅದು ಇಬ್ಬರನ್ನೂ ಒಬ್ಬರೆಂದೇ ತಿಳಿದು ಕಾರ್ಡುಗಳನ್ನು ಕೂಡಿಸಿಬಿಡುತ್ತಿತ್ತು. ಓಣಿಯನ್ನೂ ನೋಡಲಿ ಎಂದು ಅದರೊಳಗೇ ನಾಲ್ಕು ಸಾಲು ಸೇರಿಸಿದೆ. ಎಲ್ಲೂ ಬರೆದಿಡಲಿಲ್ಲ. ನೆನಪಿರುತ್ತದೆ ಎನ್ನುವ ಧಿಮಾಕು.

ಎರಡು ವರ್ಷದ ಮೇಲೆ ಆ ಕೋಡಿನ ಹೊಸ ಆವೃತ್ತಿ ಬಂತು. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಅದನ್ನು ನಮ್ಮದರೊಂದಿಗೆ ಸೇರಿಸಲು ಹೋದರೆ ಫೈಲು ಫೈಲಿಗೂ ಕಾನ್‌ಫ್ಲಿಕ್ಟ್. ಅವರ ಸಾಲು ಇರಲೋ, ನಿನ್ನದಿರಲೋ ಎಂದು ಅದು ಕೇಳುತ್ತಲೇ ಇತ್ತು. ನನಗೆ ಮೊದಲೇ ತಾಳ್ಮೆ ಕಡಿಮೆ. ಹಾಳಾಗಿ ಹೋಗಲಿ, ಎಲ್ಲ ಅವರದ್ದೇ ಇರಲಿ ಎಂದು ಒಪ್ಪಿಕೊಂಡು ಊಟಕ್ಕೆದ್ದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು.

"ಅಕ್ಕಾರ, ಲಗೂನ ಬರ್ರಿ. ಉಜ್ಜಿನಿ ಅಜ್ಜಾರ ಕಾರ್ಡಿನಾಗ ಬ್ಯಾರೇದವರು ಅದಾರ."

ಓಡಿದೆ. ಪಕ್ಕದ ಉಜ್ಜಿನಿ ಹಳ್ಳಿಯ ಅಜ್ಜ ಕಾಲಿನ ಗಾಯಕ್ಕೆಂದು ಬಂದಿದ್ದರು. ನನಗೆ ಫೋನ್ ಮಾಡುವ ಮೊದಲು ಅವಳು ಪೆನ್ಸಿಲಿನ್ ಸೂಜಿ ತುಂಬಿ ಕೈಯಲ್ಲಿ ಹಿಡಿದಾಗಿತ್ತು. ಕೊಡಬಾರದೆಂಬ ಸೂಚನೆ ಕಾರ್ಡಿನಲ್ಲಿ ಇರಲಿಲ್ಲ. ಈ ಕಡೆಯ ರೂಢಿಯಂತೆ ಸುಮ್ಮನೆ ಬಾಯಿಮಾತಿಗೆ, "ಯಾವ ಓಣಿ ಅಜ್ಜಾರ?" ಎಂದಳಂತೆ. ಅವರು ಕೆಳಗಿನ ಓಣಿ ಎಂದರು. ಕಾರ್ಡಿನಲ್ಲಿದ್ದದ್ದು ಮೇಲಿನ ಓಣಿ. ಅವಳು ಸೂಜಿ ಕೆಳಗಿಟ್ಟು ವಿಚಾರಿಸಿದಾಗ ಅಜ್ಜ ಹೇಳಿದರಂತೆ:

"ಹಿಂದಕ ಒಮ್ಮೆ ಇದಾ ಸೂಜಿ ಹಾಕಿದಾಗ ಉಸಿರು ಕಟ್ಟಿತ್ತವ್ವಾ. ಬರ್ಕೊಂಡಿದ್ರಲ್ಲ?"

ಬರೆದುಕೊಂಡಿದ್ದರು. ಓಣಿ ನೋಡುವ ನನ್ನ ನಾಲ್ಕು ಸಾಲು ಹೋದದ್ದೇ, ಮೇಲಿನ ಓಣಿಯ ಅದೇ ಹೆಸರಿನ ಇನ್ನೊಬ್ಬರ ಕಾರ್ಡು ಅದರ ಮೇಲೆ ಕೂತು ಅಳಿಸಿಹಾಕಿತ್ತು. ಅವಳು ಆ ಒಂದು ಮಾತು ಕೇಳದಿದ್ದರೆ, ಊಟದ ಅವಸರಕ್ಕೆ ನಾನೊಂದು ಜೀವ ತೆಗೆದಿರುತ್ತಿದ್ದೆ.

ಅಂದೇ ಹಳೆಯ ಕೋಡನ್ನೂ ಹಳೆಯ ಕಾರ್ಡುಗಳನ್ನೂ ವಾಪಸ್ ತಂದೆ. ಆಮೇಲೆ ಹೊರಗಿನ ಕೋಡಿಗೆಂದೇ ಗಿಟ್‌ನಲ್ಲಿ ಬೇರೆ ಬ್ರಾಂಚ್, ಅಂದರೆ ಪ್ರತ್ಯೇಕ ಕವಲು ಮಾಡಿ, ಹಳೆಯ ಆವೃತ್ತಿಯನ್ನು ಬಂದದ್ದು ಬಂದಂತೆಯೇ ಇಟ್ಟು, ನಮ್ಮ ಕೋಡು ಅದರಿಂದಲೇ ಹುಟ್ಟಿದ್ದೆಂದು ಗಿಟ್‌ಗೆ ತಿಳಿಯುವಂತೆ ಎರಡನ್ನೂ ಜೋಡಿಸಿದೆ. ಹೊಸದನ್ನು ಆ ಬ್ರಾಂಚಿನಲ್ಲೇ ಹಳೆಯದರ ಮೇಲೆ ಹಾಕಿದೆ. ಅಲ್ಲಿ ನನ್ನದೊಂದು ಅಕ್ಷರವೂ ಇಲ್ಲ. ಅಲ್ಲಿಂದ ನಮ್ಮ ಕಡೆ ತಂದಾಗ ಅವರು ಬದಲಿಸಿದ್ದಷ್ಟೇ ಬಂತು, ನನ್ನ ನಾಲ್ಕು ಸಾಲು ಇದ್ದಲ್ಲೇ ಉಳಿದವು. ಕಾನ್‌ಫ್ಲಿಕ್ಟ್ ಒಂದೇ ಕಡೆ. ಅದನ್ನು ಮೂರು ಸಲ ಓದಿದೆ. ಇಷ್ಟು ಸಲೀಸಾದ ಕೆಲಸವನ್ನು ಮೊದಲೇ ಮಾಡಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಮುಂದಿನ ವಾರ ಅಜ್ಜ ಗಾಯದ ಪಟ್ಟಿ ಬದಲಿಸಲು ಬಂದಾಗ ಎದುರಿಗೆ ಕೂತು, ತಪ್ಪು ನನ್ನದು ಎಂದೆ.

"ನಿಂದೇನ್ ತಪ್ಪವ್ವಾ? ನಮ್ಮಪ್ಪ ಇಟ್ಟ ಹೆಸರಾ ಹಂಗೈತಿ. ನಿನಗ ತ್ರಾಸ ಆಗೋದಾದ್ರ ಬದ್ಲಿ ಮಾಡಿ ಬರ್ಕೊ."

ನನ್ನ ಕೆಲಸ ಹಗುರಾಗಲೆಂದು ಆ ಮುದುಕರು ಹುಟ್ಟಿದಾಗಿನ ಹೆಸರನ್ನೇ ಬಿಡಲು ತಯಾರಾಗಿದ್ದರು. ನನಗೆ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ.